ಗುತ್ತಿ ಕನಕಾಂಗಿಗೆ ಹಾಕಿದ ಎಲೆ

ನಾನು ಹುಟ್ಟಿದ ದಿನ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿಯನ್ನು ಕೇಳಿದರೆ ಹುಣಿಸೆಹಣ್ಣು ಕುಟ್ಟುವ ಕಾಲ ಅನ್ನುತ್ತಿದ್ದಳು. ಅಪ್ಪನನ್ನು ಕೇಳಿದರೆ ಮಗ್ಗದ ಮೇಲೆ ಕೆಂಪಂಚಿನ ಸೀರೆ ಇತ್ತು ಅನ್ನುತ್ತಿದ್ದ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ನನ್ನ ಮುಖ ನೋಡಿ, ಬಿದ್ದ ಹಲ್ಲು ನೋಡಿ, ಜೂನ್ ತಿಂಗಳ ಒಂದು ದಿನ ಬರೆದುಕೊಂಡರು. ನಮ್ಮ ಕ್ಲಾಸಿನ ಅರ್ಧ ಮಕ್ಕಳು ಅದೇ ದಿನ ಹುಟ್ಟಿದವರು. ಇಂಥ ಮನೆಯಲ್ಲಿ ಬೆಳೆದ ನನಗೆ ಹಾಡುಗಾರರ, ವಾದ್ಯದವರ ಹುಟ್ಟಿದ ದಿನ, ಸತ್ತ ದಿನ ಮಾತ್ರ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಅಡುಗೆಮನೆಯ ಬಾಗಿಲ ಹಿಂದೆ ಅಮ್ಮ ಇದ್ದಲಿನಲ್ಲಿ ಅವನ್ನೆಲ್ಲ ಬರೆದಿಟ್ಟಿದ್ದಳು. ಹುಟ್ಟಿದ್ದಕ್ಕೆ ಒಂದು ಸೊನ್ನೆ, ಸತ್ತದ್ದಕ್ಕೆ ಒಂದು ಅಡ್ಡಗೆರೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವಾಗ ಅಜ್ಜಿ ಬೇಕೆಂದೇ ಆ ಗೋಡೆಯಿಂದ ಶುರು ಮಾಡುತ್ತಿದ್ದಳು, ಸುಣ್ಣ ಒಣಗಿದ ಮೇಲೆ ಅಮ್ಮ ಬೇಕೆಂದೇ ಮತ್ತೆ ಅಲ್ಲೇ ಬರೆಯುತ್ತಿದ್ದಳು.

ಹಿಂದೂಪುರದ ನಮ್ಮ ಮನೆಯನ್ನು ಮನೆ ಅನ್ನುವುದಕ್ಕಿಂತ ಮಗ್ಗಕ್ಕೆ ಕಟ್ಟಿದ ಗೂಡು ಅನ್ನಬೇಕು. ಹೊಸಿಲು ದಾಟಿದರೆ ಮಗ್ಗದ ಗುಂಡಿ. ಅದರಲ್ಲಿ ಕಾಲು ಇಳಿಬಿಟ್ಟು ಅಪ್ಪ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದ. ಅಪ್ಪ ನಿಂತರೆ ಎಷ್ಟು ಎತ್ತರ ಅನ್ನುವುದು ನನಗೆ ಹಬ್ಬದ ದಿನ ಮಾತ್ರ ನೆನಪಾಗುತ್ತಿತ್ತು. ಒಳಗಿನ ಕಂಬದ ಹತ್ತಿರ ಅಮ್ಮನ ರಾಟೆ. ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆಗೆ ನೂಲು ಸುತ್ತುವುದು ನಮ್ಮಲ್ಲಿ ಹೆಂಗಸರ ಕೆಲಸ. ನೂಲು ಸುತ್ತಿದ ಆ ಕೊಳವೆಗೆ ಕಂಡಿಕೆ ಅನ್ನುತ್ತೇವೆ. ಕಂಡಿಕೆ ಇಲ್ಲದಿದ್ದರೆ ಲಾಳಿ ಖಾಲಿ, ಲಾಳಿ ಖಾಲಿಯಾದರೆ ಮಗ್ಗ ನಿಂತ ಹಾಗೆ. ನೇಯುವವನು ಅಪ್ಪನಾದರೂ ಮಗ್ಗದ ಜುಟ್ಟು ಅಮ್ಮನ ಕೈಯಲ್ಲಿತ್ತು. ಇದು ಅಜ್ಜಿಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮಾವಾಸ್ಯೆ ದಿನ ಮತ್ತು ವಂಶದಲ್ಲಿ ಯಾರಾದರೂ ಸತ್ತ ದಿನ ಬಿಟ್ಟರೆ ನಮ್ಮ ಬೀದಿಯಲ್ಲಿ ಮಗ್ಗ ನಿಲ್ಲುವುದಿಲ್ಲ. ಅದು ಅಜ್ಜಿಯ ಕಾನೂನು.

ಅಮ್ಮ ಕಲ್ಯಾಣದುರ್ಗದವಳು. ನಮ್ಮ ಬೀದಿಯವರಿಗೆ ಅವಳ ಹೆಸರೇ ಮರೆತು ‘ಕಲ್ಯಾಣದುರ್ಗದೋಳು’ ಆಗಿದ್ದಳು. ಅವಳ ಅಪ್ಪ ಮಗ್ಗ ಬಿಟ್ಟು ಗ್ರಾಮಫೋನ್ ಹಿಡಿದ ಮನುಷ್ಯ. ಮದುವೆ, ನಾಮಕರಣ, ಅಂಗಡಿ ಪೂಜೆ ಅಂತ ಯಾರು ಕರೆದರೂ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಕೀ ಕೊಟ್ಟು, ಮುಳ್ಳು ಬದಲಾಯಿಸುತ್ತ ಪ್ಲೇಟು ಹಾಕಿ ಬರುತ್ತಿದ್ದ. ಅವನು ಹೋದ ಮೇಲೆ ಅಮ್ಮನ ತಮ್ಮ, ಅಂದರೆ ನಮ್ಮ ಮಾವ, ಅದಕ್ಕೆ ಹಾರನ್ನು, ಬ್ಯಾಟರಿ ಸೇರಿಸಿ ಮೈಕ್ ಸೆಟ್ ಮಾಡಿಕೊಂಡ. ತಾತ ಮಕ್ಕಳಿಗೆ ಹೇಳಿಕೊಟ್ಟ ನೇಮ ಒಂದೇ. ಅಮ್ಮ ಅದನ್ನು ತಾತನ ದನಿಯಲ್ಲೇ ಹೇಳುತ್ತಿದ್ದಳು.

“ನಮ್ಮ ಅನ್ನ ಇವರ ಗಂಟಲಿಂದ ಬತ್ತದೆ ಕಣ್ರಲಾ. ಅವರು ಹುಟ್ಟಿದ ದಿನ ಪ್ಲೇಟು ಹಾಡ್ಬೇಕು. ವರ್ಷ ವರ್ಷ ಅವರು ಸತ್ತ ದಿನ ಬಂದ್ರೆ ಪ್ಲೇಟಿಗೆ ಉಪವಾಸ.”

ಅದರ ಜೊತೆಗೆ ಇನ್ನೊಂದು ರೂಢಿ. ಹಾಡುವವರು ಯಾರಾದರೂ ಸತ್ತ ಸುದ್ದಿ ಬಂದರೆ ಆವತ್ತು ಬೆಳಗಿನಿಂದ ಸಂಜೆಯವರೆಗೆ ಹಾರನ್ನಿನಲ್ಲಿ ಅವರ ಪ್ಲೇಟು ಬಿಟ್ಟು ಬೇರೆಯದು ಹಾಕುವಂತಿಲ್ಲ. ಊರಿನವರಿಗೆ ಸಾವಿನ ತಮಟೆ ಇದ್ದ ಹಾಗೆ ಮೈಕ್ ಸೆಟ್ಟಿನವರಿಗೆ ಅದು. ಒಬ್ಬರದೇ ಪ್ಲೇಟು ಮೂರು ಗಂಟೆ ಹಾಡಿದರೆ ಕಲ್ಯಾಣದುರ್ಗದ ಟೀ ಅಂಗಡಿಗಳಲ್ಲಿ, ಪಾಪ, ಯಾರು ಹೋದರೋ ಅಂತ ಮಾತು ಶುರುವಾಗುತ್ತಿತ್ತು. ಈ ರೂಢಿಯೇ ನಮ್ಮನ್ನು ಕೆಡಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಮದುವೆಯಾಗಿ ಬರುವಾಗ ಅಮ್ಮ ನಾಲ್ಕು ಪ್ಲೇಟು ತಂದಿದ್ದಳು. ಹಾಕಿ ಕೇಳಲು ಮೆಷೀನು ಮಾತ್ರ ಇರಲಿಲ್ಲ. ಅಜ್ಜಿ ಇದನ್ನು ಬೀದಿಗೆಲ್ಲ ಹೇಳಿ ನಗುತ್ತಿದ್ದಳು, ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಅಂತ. ನಾಲ್ಕರಲ್ಲಿ ಒಂದು ಕ್ಲಾರಿನೆಟ್ ನುಡಿಸುವವರದು. ಒಂದು ಮಡಕಶಿರದ ಕಡೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ ಮುದುಕನದು. ಒಂದು ಸೀಮೆಯಿಂದ ಬಂದದ್ದು. ಆ ಪ್ಲೇಟಿನ ಕಾಗದದ ಚೀಲದ ಮೇಲೆ ಉದ್ದನೆಯ ಹಿತ್ತಾಳೆ ಕೊಂಬು ಊದುತ್ತಿರುವ ಕರಿಯ ಮನುಷ್ಯನ ಚಿತ್ರವಿತ್ತು. ಆತನ ಹೆಸರು ನಮ್ಮ ಯಾರ ನಾಲಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ಅಮ್ಮ ಅವನನ್ನು ಕೊಂಬಿನಯ್ಯ ಅನ್ನುತ್ತಿದ್ದಳು. ರೈಲ್ವೆ ಗಾರ್ಡ್ ಒಬ್ಬರು ತಾತನಿಗೆ ಕೊಟ್ಟ ಪ್ಲೇಟು ಅದು. ಆತ ಹುಟ್ಟಿದ ದಿನ ಗೊತ್ತಿಲ್ಲದೆ ಅಮ್ಮ ಅವನಿಗೆ ಸಂಕ್ರಾಂತಿಯನ್ನು ಕೊಟ್ಟುಬಿಟ್ಟಿದ್ದಳು. ನಾಲ್ಕನೆಯದು ಗುತ್ತಿ ಕನಕಾಂಗಿ ಅನ್ನುವವರದು. ಡ್ರಾಮಾ ಕಂಪನಿಯಲ್ಲಿ ಹಾಡಿ ಬೆಳೆದು ಪ್ಲೇಟಿಗೆ ಬಂದವರು. ಅವರ ಹುಟ್ಟಿದ ದಿನ ಬಂದರೆ ಅಮ್ಮ ಪ್ಲೇಟು ಹೊರತೆಗೆದು, ಸೆರಗಿನಲ್ಲಿ ಒರೆಸಿ, ರಾಟೆಯ ಪಕ್ಕ ನಿಲ್ಲಿಸಿಕೊಂಡು ಅದರ ಎರಡೂ ಕಡೆಯ ಹಾಡನ್ನು ತಾನೇ ಹಾಡುತ್ತಿದ್ದಳು. ನನ್ನ ಕೈಗೆ ಒಂದು ಚೂರು ಬೆಲ್ಲ ಬರುತ್ತಿತ್ತು. ಅಪ್ಪನ ಲಾಳಿ ಆ ಹಾಡಿನ ತಾಳಕ್ಕೆ ಓಡುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಜ್ಜಿ ಕೇಳಿದರೆ ಮಾತ್ರ ಅಪ್ಪ ‘ಏನೋ ಹಾಡ್ಕೊಂತಾಳೆ’ ಅಂತ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ.

ನನಗೆ ಒಂಬತ್ತು ವರ್ಷವಿದ್ದಿರಬೇಕು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೂಲೆ ಹರಿದ ಕಾರ್ಡು ಬಂತು. ಮೂಲೆ ಹರಿದಿದೆ ಅಂದರೆ ಸಾವಿನ ಕಾಗದ. ಅದನ್ನು ಮನೆಯೊಳಗೆ ತರುವಂತಿಲ್ಲ. ಅಪ್ಪ ಬೀದಿಯಲ್ಲೇ ನಿಂತು ಓದಿದ. ಮಾವ ತೆಲುಗಿನಲ್ಲಿ ಎರಡೇ ಸಾಲು ಬರೆದಿದ್ದ, ಕನಕಾಂಗಮ್ಮನವರು ತೀರಿಹೋದರು, ಅಕ್ಕನಿಗೆ ತಿಳಿಸುವುದು. ಅಮ್ಮ ಕಂಬ ಹಿಡಿದು ಕುಸಿದಳು. ಅಜ್ಜಿಗೆ ಇಷ್ಟು ಸಾಕಾಯಿತು. ಸೊಸೆಯ ತವರಿನಲ್ಲಿ ಯಾರೋ ದೊಡ್ಡ ಹೆಂಗಸು ಹೋದರು ಅಂದುಕೊಂಡು, ಅಜ್ಜಿ ಅಮ್ಮನ ತಲೆ ಎದೆಗೆ ಒತ್ತಿಕೊಂಡು ತಾನೂ ಅತ್ತಳು. ನಿಜವಾಗಿ ಅತ್ತಳು, ಮೂಗು ಸೋರುವಷ್ಟು. ಅಪ್ಪ ಮಗ್ಗ ಬಿಟ್ಟೆದ್ದ. ಎಲ್ಲರೂ ತಲೆಗೆ ನೀರು ಹಾಕಿಕೊಂಡೆವು. ಒಲೆ ಆರಿಸಿದ್ದಾಯಿತು, ಪಕ್ಕದ ಮನೆಯವರು ಮುದ್ದೆ ಸಾರು ತಂದುಕೊಟ್ಟರು. ಉಂಡು ಕೈ ತೊಳೆಯುವಾಗ ಅಜ್ಜಿ ಮೆತ್ತಗೆ ಕೇಳಿದಳು.

“ಆಯಮ್ಮ ನಿನಗೆ ಏನಾಗ್ಬೇಕಮ್ಮ? ದೊಡ್ಡಮ್ಮನಾ?”

“ಅಲ್ಲ ಅತ್ತೆ. ಪ್ಲೇಟ್ನಾಗೆ ಹಾಡ್ತಿದ್ದೋರು.”

ಅಜ್ಜಿಯ ಕೈಯಿಂದ ಚೊಂಬು ಬಿತ್ತು. ಅವಳ ಸಿಟ್ಟನ್ನು ನಾನು ಇವತ್ತು ಅರ್ಥ ಮಾಡಿಕೊಳ್ಳಬಲ್ಲೆ. ಗಂಡ ಸತ್ತಾಗ ಅಳದ ಹೆಂಗಸು ಅಂತ ಬೀದಿಯಲ್ಲಿ ಹೆಸರಾದವಳು, ಯಾವಳೋ ಡ್ರಾಮಾದವಳಿಗೆ ಮೂಗು ಸೋರಿಸಿಕೊಂಡು ಅತ್ತುಬಿಟ್ಟಿದ್ದಳು, ಅದೂ ನಾಲ್ಕು ಮನೆಯವರ ಎದುರಿಗೆ.

“ಏಮಿ ಖರ್ಮರಾ ದೇವುಡಾ! ಕುಣಿಯೋರ ಕುಲದೋಳಿಗೆ ನಮ್ಮನೇಲಿ ಮೈಲಿಗೆ ನೀರಾ? ನನ್ನ ಕಣ್ಣೀರು ದಂಡ ಮಾಡ್ಬುಟ್ಟಳಲ್ಲೋ ಇವಳು! ಏಳೋ, ಮಗ್ಗಕ್ಕೆ ಕೂತ್ಕೊ!”

ಅಪ್ಪ ಕೂತ. ಅಮ್ಮ ರಾಟೆಯನ್ನು ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟಳು. ಲಾಳಿಯಲ್ಲಿದ್ದ ಒಂದು ಕಂಡಿಕೆ ಮುಗಿಯುವವರೆಗೆ ಮಗ್ಗ ಆಡಿತು, ಆಮೇಲೆ ನಿಂತಿತು. ಅಜ್ಜಿ ತಾನೇ ರಾಟೆಗೆ ಕೂರಲು ಹೋದಳು, ಆದರೆ ಅವಳ ಕಣ್ಣಿಗೆ ನೂಲಿನ ತುದಿ ಕಾಣುತ್ತಿರಲಿಲ್ಲ. ಆ ಸಂಜೆಯೆಲ್ಲ ನಮ್ಮ ಮನೆಯೊಂದೇ ಬೀದಿಯಲ್ಲಿ ಸದ್ದಿಲ್ಲದೆ ಇತ್ತು. ನನಗೆ ಅಮ್ಮನ ಮೇಲೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಬಾಗಿಲ ಹಿಂದೆ ಕನಕಾಂಗಿಯ ಸೊನ್ನೆಯ ಪಕ್ಕ ಅಡ್ಡಗೆರೆ ಬಿತ್ತು.

ಮಳೆಗಾಲ ಕಳೆದು ಪೆದ್ದಲ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆಲ್ಲ ವರ್ಷಕ್ಕೊಮ್ಮೆ ಎಡೆ ಇಡುವ ದಿನ. ನಡುಮನೆಯಲ್ಲಿ ಅಪ್ಪನ ಕಡೆಯ ತಾತನಿಗೆ, ಮುತ್ತಾತನಿಗೆ, ಮುತ್ತಜ್ಜಿಗೆ ಅಂತ ಮೂರು ಬಾಳೆ ಎಲೆ. ಒಬ್ಬಟ್ಟು, ವಡೆ, ಕುಂಬಳಕಾಯಿ ಪಲ್ಯ, ಪಾಯಸ ಬಡಿಸಿ, ಧೂಪ ಹಾಕಿ, ಹಿರಿಯರು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಒಂದು ಗಳಿಗೆ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಆಮೇಲೆ ಎಡೆಯಿಂದ ಒಂದು ತುತ್ತನ್ನು ಹೆಂಚಿನ ಮೇಲೆ ಕಾಗೆಗೆ ಇಡಬೇಕು. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಅಂತ. ಎಡೆಯ ಎಲೆಯನ್ನು ನಾಯಿ ಮುಟ್ಟುವಂತಿಲ್ಲ, ತುಳಿಯುವಂತಿಲ್ಲ. ನಮ್ಮ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಅಜ್ಜಿ ಮಡಿ ಸೀರೆ ಉಟ್ಟುಕೊಂಡು ಬರುವಷ್ಟರಲ್ಲಿ ನಡುಮನೆಯಲ್ಲಿ ಎಲೆ ನಾಲ್ಕಾಗಿದ್ದವು. ನಾಲ್ಕನೆಯದನ್ನು ಅಮ್ಮ ಕೊನೆಯಲ್ಲಿ, ಸ್ವಲ್ಪ ಬಿಟ್ಟು ಹಾಕಿದ್ದಳು. ಫೋಟೋ ಇಲ್ಲವಲ್ಲ, ಎಲೆಯ ಹಿಂದೆ ಗೋಡೆಗೆ ಪ್ಲೇಟನ್ನು ಒರಗಿಸಿ ಅದಕ್ಕೊಂದು ಹೂವು ಇಟ್ಟಿದ್ದಳು.

“ಇದ್ಯಾರಿಗೆ?” ಅಜ್ಜಿಗೆ ಗೊತ್ತಿತ್ತು, ಆದರೂ ಕೇಳಿದಳು.

“ಕನಕಾಂಗಮ್ಮೋರಿಗೆ ಅತ್ತೆ. ಆಯಮ್ಮನಿಗೆ ಮಕ್ಕಳಿಲ್ಲ ಅಂತಾರೆ. ಎಡೆ ಇಡೋರು ಯಾರೂ ಇಲ್ಲ.”

“ಊರಾಗೆ ಗತಿಯಿಲ್ದೋರಿಗೆಲ್ಲ ನಾವಾ ಇಡೋದು? ನಮ್ಮ ವಂಶದೋಳಾ ಅವಳು?”

“ನಮ್ಮ ಅಪ್ಪನ ಮನೇಲಿ ನಾನು ಉಂಡಿದ್ದು ಆಯಮ್ಮ ಹಾಡಿದ ಅನ್ನ. ಅನ್ನ ಕೊಟ್ಟೋರು ಹಿರಿಯರಲ್ವಾ?”

ಅಪ್ಪ ಪಂಚೆಯ ತುದಿ ಹಿಡಿದುಕೊಂಡು ಹೆಂಚು ನೋಡುತ್ತಿದ್ದ. ಮಡಿಯಲ್ಲಿದ್ದ ಅಜ್ಜಿ ಆ ಎಲೆಯನ್ನು ತಾನು ಮುಟ್ಟಲಾರಳು. ಅಮ್ಮ ಎತ್ತಲಾರಳು. ಅಜ್ಜಿ ನನ್ನ ಕಡೆ ತಿರುಗಿದಳು.

“ಸರೋಜಾ, ಎತ್ತೇ ಆ ಎಲೇನ. ಹಿತ್ತಲಿಗೆ ಬಿಸಾಕಿ ಬಾ.”

ನಾನು ಎತ್ತಿದೆ. ಇದನ್ನು ಬರೆಯುವಾಗ ಕಾರಣ ಕೊಡಬೇಕು ಅನ್ನಿಸುತ್ತದೆ. ಹುಡುಗಿ, ಹೆದರಿಕೆ, ದೊಡ್ಡವರ ಮಾತು, ಹಸಿವು. ಯಾವ ಕಾರಣವೂ ಬೇಡ. ಅಜ್ಜಿ ಹೇಳಿದಳು, ನಾನು ಎತ್ತಿದೆ. ಎರಡೂ ಕೈಯಲ್ಲಿ ಎಲೆ ಹಿಡಿದು ಅಮ್ಮನ ಮುಂದೆಯೇ ದಾಟಿ ಹೋದೆ. ಪಾಯಸ ನನ್ನ ಮುಂಗೈ ಮೇಲೆ ಹರಿಯಿತು. ಹಿತ್ತಲಲ್ಲಿ ನುಗ್ಗೆಮರದ ಬುಡದಲ್ಲಿ ಬೀದಿನಾಯಿ ಮಲಗಿತ್ತು. ಎಸೆದ ತಕ್ಷಣ ಎದ್ದು ಬಂತು. ಒಬ್ಬಟ್ಟನ್ನು ಮೊದಲು ತಿಂದಿತು. ನಾನು ಕೈ ತೊಳೆದು ಒಳಗೆ ಬಂದಾಗ ಅಮ್ಮ ಪ್ಲೇಟನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ನನ್ನ ಮುಖ ನೋಡಲಿಲ್ಲ, ಬೈಯಲಿಲ್ಲ. ಕೈ ಮಾತ್ರ ಹಿಡಿದುಕೊಂಡಳು.

“ಕಲ್ಯಾಣದುರ್ಗಕ್ಕೆ ಹೋಯ್ತೀನಿ,” ಅಂದಳು ಅಪ್ಪನಿಗೆ.

“ಉಂಡ್ಬುಟ್ಟು ಹೋಗು,” ಅಂದ ಅಪ್ಪ. ಅವನಿಗೆ ಹೊಳೆದ ಮಾತು ಅದೊಂದೇ.

ಪಾವಗಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಮುಟ್ಟುವವರೆಗೆ ಅಮ್ಮ ಎಲೆಯ ಮಾತು ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಾವನ ಮನೆ ನಮ್ಮದಕ್ಕಿಂತ ಚಿಕ್ಕದು, ಸದ್ದು ಮಾತ್ರ ಹತ್ತರಷ್ಟು. ಹೊಸ್ತಿಲಲ್ಲೇ ಎರಡು ದೊಡ್ಡ ಹಾರನ್ನುಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು, ಅವುಗಳೊಳಗೆ ಮಾವನ ಹೆಂಡತಿ ಈರುಳ್ಳಿ ಒಣಗಿಸುತ್ತಿದ್ದಳು. ಮನೆಗೆ ಬಂದವರು ಪ್ಲೇಟು ತುಳಿಯದೆ ಕೂರಲು ಜಾಗ ಹುಡುಕಬೇಕು. ಗಂಡ ಹೆಂಡತಿ ಜಗಳವಾಡುವಾಗಲೂ ಮಾವ ಒಂದು ಪ್ಲೇಟು ಹಾಕಿಯೇ ಜಗಳ ಶುರು ಮಾಡುತ್ತಿದ್ದ, ನೆರೆಯವರಿಗೆ ಕೇಳಬಾರದು ಅಂತ. ಆ ಮನೆಯಲ್ಲಿ ಅಮ್ಮ ಬೇರೆಯೇ ಹೆಂಗಸಾಗಿದ್ದಳು. ಜೋರಾಗಿ ನಗುತ್ತಿದ್ದಳು, ಕಾಲು ಚಾಚಿ ಕೂರುತ್ತಿದ್ದಳು. ನನಗೆ ಅಲ್ಲಿಯೇ ಇದ್ದುಬಿಡೋಣ ಅನ್ನಿಸಿತು.

ದಸರೆಯ ಮೂರನೆಯ ದಿನವೋ ನಾಲ್ಕನೆಯ ದಿನವೋ ಮಾವ ಹೊರಗಿನಿಂದ ಬಂದು ಸುಮ್ಮನೆ ಗೋಡೆಗೆ ಒರಗಿ ಕೂತ. ಊರಿನವರು ಹಬ್ಬಕ್ಕೆ ಹಾಡುಗಾರಿಕೆ ಇಟ್ಟಿದ್ದರು, ಮೈಕ್ ಮಾವನದು. ಯಾರು ಹಾಡುತ್ತಾರೆ ಅಂತ ಕೇಳಲು ಹೋಗಿದ್ದ.

“ಅಕ್ಕ, ಕನಕಾಂಗಮ್ಮೋರು ಬತ್ತಾವ್ರೆ.”

“ಯಾವ ಕನಕಾಂಗಮ್ಮ?”

“ಒಬ್ರೇ ಕಣಕ್ಕ ಇರೋದು. ಸತ್ತಿಲ್ಲವಂತೆ.”

ಆಗಿದ್ದೇನೆಂದರೆ ಇದು. ಆ ಬೇಸಿಗೆಯಲ್ಲಿ ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ಒಂದು ದಿನ ಅವರ ಹಾರನ್ನಿನಲ್ಲಿ ಬೆಳಗಿನಿಂದ ಕನಕಾಂಗಿಯ ಪ್ಲೇಟು ಬಿಟ್ಟರೆ ಬೇರೆ ಇಲ್ಲ. ಮೈಕ್ ಸೆಟ್ಟಿನವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕೇ? ಮಾವ ಹೋಗಿ ಕೇಳಲೇ ಇಲ್ಲ. ಸಾವಿನ ಮನೆಗೆ ಹೋಗಿ ಸತ್ತದ್ದು ಹೌದಾ ಅಂತ ಯಾರಾದರೂ ಕೇಳುತ್ತಾರೆಯೇ? ತಾನೂ ಸಂಜೆಯವರೆಗೆ ಕನಕಾಂಗಿಯದೇ ಹಾಕಿದ, ಕಾರ್ಡು ಬರೆದು ಮೂಲೆ ಹರಿದು ಡಬ್ಬಕ್ಕೆ ಹಾಕಿದ. ಈಗ ಟಾಕೀಸಿನವನನ್ನು ಹುಡುಕಿ ಕೇಳಿದರೆ ಅವನು ನಕ್ಕುಬಿಟ್ಟನಂತೆ.

“ಡೇರೆ ಬಿಸಿಲಿಗೆ ಬೇರೆ ಪ್ಲೇಟೆಲ್ಲ ಹಪ್ಪಳದಂಗೆ ಸೊಟ್ಟಗಾಗೋದ್ವು ಕಣಣ್ಣ. ನೆಟ್ಟಗಿದ್ದಿದ್ದು ಆಯಮ್ಮಂದೇ ಮೂರು. ಇನ್ನೇನು ಹಾಕ್ಲಿ?”

ಅಮ್ಮ ಮೊದಲು ನಕ್ಕಳು. ಆಮೇಲೆ ಅವಳ ಮುಖ ಬಿಳುಚಿತು. ಬದುಕಿರುವವರಿಗೆ ಎಡೆ ಇಟ್ಟರೆ ಅವರ ಆಯಸ್ಸು ಕಿತ್ತುಕೊಂಡ ಹಾಗೆ ಅಂತ ನಮ್ಮ ಕಡೆ ನಂಬಿಕೆ. ಹೇಳದೆ ಮುಚ್ಚಿಡಬಹುದಿತ್ತು. ಅಮ್ಮ ಮುಚ್ಚಿಡುವವಳಲ್ಲ. ಮಾರನೆಯ ಮಧ್ಯಾಹ್ನ ಕನಕಾಂಗಮ್ಮನವರು ಮೈಕ್ ನೋಡಲು ಚಪ್ಪರಕ್ಕೆ ಬಂದಾಗ ನನ್ನ ಕೈ ಹಿಡಿದುಕೊಂಡು ನೇರ ಅವರ ಮುಂದೆ ಹೋಗಿ ನಿಂತಳು. ನಾನು ದೇವತೆಯಂಥವರನ್ನು ಊಹಿಸಿಕೊಂಡಿದ್ದೆ. ಅಲ್ಲಿದ್ದವರು ದಪ್ಪ ಹೆಂಗಸು, ಬಾಯ್ತುಂಬ ಎಲೆಅಡಿಕೆ, ನೆಗಡಿ ಬೇರೆ, ಮೂಗಿಗೆ ಕರ್ಚೀಫು. ಅಮ್ಮ ಕಾಲಿಗೆ ಬಿದ್ದು, ಸತ್ತರೆಂದು ನಂಬಿ ಎಡೆ ಇಟ್ಟದ್ದನ್ನು ಹೇಳಿದಳು. ಅವರು ಎಲೆಅಡಿಕೆ ಉಗಿದು ಬಂದರು, ನಕ್ಕು ನಕ್ಕು ಕೆಮ್ಮು ಬಂತು.

“ನನಗಾ? ನನಗೆ ಎಡೆನಾ? ಏನೇನು ಹಾಕಿದ್ದೆ ತಾಯಿ?”

ಅಮ್ಮ ಹೇಳಿದಳು. ಒಬ್ಬಟ್ಟಿಗೆ ಬೇಳೆಯೋ ಕಾಯಿಯೋ ಅಂತ ಕೇಳಿದರು. ಬೇಳೆ ಅಂದಾಗ ಒಳ್ಳೆಯದಾಯಿತು ಅಂದರು. ಅಮ್ಮ ಅವರ ಹುಟ್ಟಿದ ದಿನ ಹೇಳಿ, ಆವತ್ತು ವರ್ಷ ವರ್ಷ ಬೆಲ್ಲ ಹಂಚುತ್ತೇನೆ ಅಂದಳು. ಅವರು ತಲೆ ಆಡಿಸಿದರು.

“ಅದು ಸುಳ್ಳು ಕಣಮ್ಮ. ಪ್ಲೇಟಿನವರು ಕೇಳಿದ್ರು, ಬಾಯಿಗೆ ಬಂದ ದಿನ ಹೇಳ್ದೆ. ನಾನು ಹುಟ್ಟಿದ್ದು ಯಾವಾಗಂತ ಹೇಳೋರು ಯಾರಿದ್ರು?”

“ದಿನ ಸುಳ್ಳಿರಬಹುದಮ್ಮ. ನಾನು ಹಂಚಿದ ಬೆಲ್ಲ ಸುಳ್ಳಲ್ಲ.”

ಅವರು ನಗು ನಿಲ್ಲಿಸಿ ಅಮ್ಮನನ್ನು ಸರಿಯಾಗಿ ನೋಡಿದ್ದು ಆಗಲೇ. ಸ್ವಲ್ಪ ಹೊತ್ತು ಕರ್ಚೀಫನ್ನು ಮಡಿಸಿದರು, ಬಿಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

“ಆ ಎಲೆ... ಕಾಗೆ ಮುಟ್ತಾ?”

ಅಮ್ಮನ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು.

“ಮುಟ್ತು ಅಮ್ಮ. ಇಟ್ಟ ತಕ್ಷಣ ಬಂತು.”

ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವರಿಗಾಗಿ ಹೇಳಿದಳೋ ನನಗಾಗಿ ಹೇಳಿದಳೋ, ಇಬ್ಬರಿಗೂ ಇರಬೇಕು. ಕನಕಾಂಗಮ್ಮನವರು ಕಣ್ಣೊರೆಸಿಕೊಂಡು ನೆಗಡಿ ಅಂದರು. ಆ ಸಂಜೆ ಚಪ್ಪರದಲ್ಲಿ ಅವರು ಏನೇನು ಹಾಡಿದರೋ ನನಗೆ ಒಂದೂ ನೆನಪಿಲ್ಲ. ಜನ ತಲೆದೂಗುತ್ತಿದ್ದರು, ಮಾವ ಹಾರನ್ನಿನ ಕೆಳಗೆ ಕೂತು ಕಣ್ಣೀರು ಹಾಕುತ್ತಿದ್ದ. ನಾನು ನನ್ನ ಎರಡು ಕೈ ನೋಡಿಕೊಂಡು ಕೂತಿದ್ದೆ. ನಾಯಿ ಒಬ್ಬಟ್ಟನ್ನು ಮೊದಲು ತಿಂದಿತ್ತು.

ಸುದ್ದಿಗೆ ಕಾಲಿಲ್ಲದಿದ್ದರೂ ಬಸ್ಸಿದೆ. ಬದುಕಿರುವವಳಿಗೆ ಕಲ್ಯಾಣದುರ್ಗದೋಳು ಎಡೆ ಇಟ್ಟಳು ಅನ್ನುವುದು ದಸರೆ ಮುಗಿಯುವ ಮೊದಲೇ ಹಿಂದೂಪುರ ಮುಟ್ಟಿತು. ಆಯುಧಪೂಜೆಯ ದಿನ ರಾಟೆಗೆ ಕುಂಕುಮ ಹಚ್ಚುವವರಿಲ್ಲದೆ ಅಪ್ಪ ತಾನೇ ಹಚ್ಚಿದನಂತೆ. ಮರುದಿನ ಬಸ್ಸು ಹತ್ತಿ ಬಂದ. ಮಾವನ ಮನೆಯ ಪ್ಲೇಟುಗಳ ನಡುವೆ ಜಾಗ ಹುಡುಕಿ ಕುಕ್ಕರುಗಾಲಲ್ಲಿ ಕೂತು, ನೆಲ ನೋಡುತ್ತ ಹೇಳಿದ.

“ಅವ್ವ ಬೀದಿ ಹಿರಿಯರನ್ನ ಸೇರಿ‌ಸವ್ಳೆ. ಒಂದು ಮಾತು ಅಂದ್ಬುಡು, ಎಡೆ ಇಟ್ಟಿದ್ದು ತಪ್ಪಾಯ್ತು ಅಂತ. ಕಾಯಿ ಒಡೆದು ಒಳಿಕ್ಕೆ ಬಂದ್ಬುಡಬೌದು. ಅನ್ನದಿದ್ರೆ ನೀನು ಇಲ್ಲೇ, ಮಗು ಅಲ್ಲೇ ಅಂತ ಮಾತಾಗೈತೆ.”

“ನೀವೇನಂತೀರಿ?”

“ಕಂಡಿಕೆ ಸುತ್ತೋರಿಲ್ಲ,” ಅಂದ ಅಪ್ಪ. ಅದು ಪ್ರೀತಿಯ ಮಾತು ಅಂತ ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು. ಅಮ್ಮನಿಗೆ ಆಗಲೇ ತಿಳಿದಿರಬೇಕು.

“ಬತ್ತೀನಿ. ಅವರು ಹೇಳಿದಂಗೆ ಅಂತೀನಿ ಅಂತ ಮಾತ್ರ ಅಂದ್ಕೋಬ್ಯಾಡಿ,” ಅಂದಳು.

ನಾವು ಹಿಂದೂಪುರ ಮುಟ್ಟಿದಾಗ ಬೆಳಗ್ಗೆ ಹನ್ನೊಂದರ ಬಿಸಿಲು. ಜಗಲಿಯ ಮೇಲೆ ಬೀದಿಯ ನಾಲ್ವರು ಹಿರಿಯರು ಕೂತಿದ್ದರು. ಅಜ್ಜಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಅವಳ ಪಕ್ಕ ಒಂದು ಚೊಂಬು ಅರಿಸಿನದ ನೀರು, ಒಂದು ತೆಂಗಿನಕಾಯಿ. ಎದುರು ಮನೆ, ಪಕ್ಕದ ಮನೆ ಮಗ್ಗಗಳೆಲ್ಲ ನಿಂತಿದ್ದವು. ಅಮಾವಾಸ್ಯೆ ಅಲ್ಲದ ದಿನ ಬೀದಿಯ ಮಗ್ಗವೆಲ್ಲ ನಿಂತದ್ದು ನಮ್ಮ ಮನೆಯ ತಮಾಷೆ ನೋಡಲು. ಅಮ್ಮ ಬಿಸಿಲಲ್ಲಿ ನಿಂತಳು. ಹಿರಿಯರಲ್ಲಿ ದೊಡ್ಡವರು, ಕಿವಿಗೆ ಕಡುಕು ಹಾಕಿದವರು, ಗಂಟಲು ಸರಿಮಾಡಿಕೊಂಡರು.

“ಹೇಳ್ಬುಡಮ್ಮ. ಬದುಕಿರೋಳಿಗೆ ಎಡೆ ಇಟ್ಟಿದ್ದು ತಪ್ಪು ತಾನೆ?”

“ಸತ್ತವ್ರೆ ಅಂತ ನಂಬಿದ್ದು ತಪ್ಪು,” ಅಂದಳು ಅಮ್ಮ. “ಎಲೆ ಹಾಕಿದ್ದು ತಪ್ಪಲ್ಲ. ಆಯಮ್ಮ ನಿಜವಾಗಿ ಹೋದ ದಿನ ಮತ್ತೆ ಹಾಕ್ತೀನಿ.”

“ಕೇಳಿದ್ರಾ? ಕೇಳಿದ್ರಾ ಇವಳ ಬಾಯಿ?” ಅಜ್ಜಿ ಕಿರುಚಿದಳು. “ಅವತ್ತೂ ಇಂಗೇ. ಕೋಪಕ್ಕೆ ಎಲೇನೂ ತಾನೇ ಎತ್ಕೊಂಡು ಹೊಂಟೋದ್ಲು!”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡುಕಿನವರು ಎದ್ದು ಪಂಚೆ ಕೊಡವಿದರು.

“ಅಂಗಾದ್ರೆ ಮುಗೀತು ಕಣಮ್ಮ. ನಿಂತ ಕಾಲ್ನಾಗೆ ತಿರುಗು. ಕೂಸು ಇಲ್ಲಿರ್ಲಿ.”

ಅಮ್ಮನ ಬೆರಳು ನನ್ನ ಬೆರಳಿನಿಂದ ಒಂದೊಂದಾಗಿ ಬಿಡುತ್ತಿದ್ದವು; ಅವಳೇ ಬಿಡುತ್ತಿದ್ದಳೋ ಸುಮ್ಮನೆ ಸೋತು ಬಿಡುತ್ತಿದ್ದವೋ ತಿಳಿಯಲಿಲ್ಲ. ಅಮ್ಮ ಆಗಲೂ ಎಲೆ ಎತ್ತಿದ್ದು ಯಾರು ಅಂತ ಹೇಳಲಿಲ್ಲ. ಹೇಳಿದ್ದರೆ ಗೆದ್ದುಬಿಡುತ್ತಿದ್ದಳು. ಸುಡುವ ಬೀದಿಯಲ್ಲಿ ನಾನು ಉದ್ದಕ್ಕೆ ಅಡ್ಡಬಿದ್ದೆ, ದೇವರ ಮುಂದೆ ಬೀಳುವ ಹಾಗೆ. ಬಾಯಿಗೆ ಮಣ್ಣು ಹೋಯಿತು.

“ತಪ್ಪಾಯ್ತು,” ಅಂದೆ.

“ನೀನ್ಯಾಕೆ ಕೂಸೇ? ಏನು ತಪ್ಪಾಯ್ತು?”

“ಆ ಎಲೆ ಎತ್ತಿದ್ದು ಅಮ್ಮ ಅಲ್ಲ. ನಾನು. ಎಡೆ ಎಲೇನ ನಾಯಿಗೆ ಹಾಕಿದೆ.”

ಯಾರೋ ಹೆಂಗಸು ‘ಅಯ್ಯಯ್ಯೋ’ ಅಂದಳು. ಕಡುಕಿನವರು ಮತ್ತೆ ಕೂತರು.

“ಯಾರು ಹೇಳಿಕೊಟ್ರು ನಿನಗೆ?”

ನಾನು ಎದ್ದು ನಿಂತೆ. ಮೊಣಕಾಲು ತರಚಿತ್ತು. ಅಜ್ಜಿಯನ್ನು ನೋಡಿಯೇ ಹೇಳಿದೆ.

“ಅಜ್ಜಿ ಹೇಳಿದ್ಲು. ನಾನು ಕೇಳ್ದೆ. ಕೇಳಿದ್ದು ನನ್ನ ತಪ್ಪು. ಇನ್ಮ್ಯಾಕೆ ಕೇಳಲ್ಲ.”

ಕಡುಕಿನವರು ಅಜ್ಜಿಯ ಕಡೆ ತಿರುಗಿ, “ನಾಯಿಗಾ, ಅಕ್ಕಯ್ಯ?” ಅಂದರು, ಅಷ್ಟೇ. ನಾಲ್ವರೂ ಚಪ್ಪಲಿ ಹುಡುಕಿಕೊಂಡು, ಬಿಸಿಲು ಜಾಸ್ತಿಯಾಯಿತು ಅನ್ನುತ್ತ ಹೊರಟರು. ಎದುರು ಮನೆಯಲ್ಲಿ ಮಗ್ಗದ ಸದ್ದು ಶುರುವಾಯಿತು. ಅಪ್ಪ ಜೀವಮಾನದಲ್ಲಿ ಮೊದಲ ಸಲ ಅಜ್ಜಿಯ ತೋಳು ಹಿಡಿದು, “ಸರಿ ಅವ್ವ, ಅವರು ಒಳಿಕ್ಕೆ ಬರ್ಲಿ,” ಅಂದ. ಅಜ್ಜಿ ಹೊಸ್ತಿಲ ಮೇಲಿದ್ದ ಕಾಲು ತೆಗೆದಳು. ಅಮ್ಮ ಅರಿಸಿನದ ನೀರಿನ ಚೊಂಬನ್ನು ದಾಟಿ, ನನ್ನ ಮೊಣಕಾಲಿನ ಮಣ್ಣು ಒರೆಸುತ್ತ ಒಳಗೆ ಬಂದಳು.

ಆ ಕಾಯಿಯನ್ನು ಯಾರು ಒಡೆಯಬೇಕು, ಯಾವ ತಪ್ಪಿಗೆ ಒಡೆಯಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಮಧ್ಯಾಹ್ನ ಅಮ್ಮ ಅದನ್ನು ಒಡೆದು ಚಟ್ನಿ ರುಬ್ಬಿದಳು. ಅಜ್ಜಿ ಉಪ್ಪು ಕಮ್ಮಿಯಾಯಿತು ಅಂದಳು. ಅಮ್ಮ ಹಾಕಲಿಲ್ಲ.